ವಾಹನ ಪ್ರಶ್ನೋತ್ತರ: ಹಳೆಯ ಎಂಪಿಎಫ್‌ಐ ಕಾರು ಮಿಸ್ ಹೊಡೆದಾಗ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ. ಹದಿನೈದು ಇಪ್ಪತ್ತು ವರ್ಷ ಹಳೆಯದಾದ ಪೆಟ್ರೋಲ್ ಕಾರು ನಿಂತಲ್ಲಿ ನಡುಗುತ್ತದೆ, ಓಡುವಾಗ ಮಿಸ್ ಹೊಡೆಯುತ್ತದೆ (ಒಂದೋ ಎರಡೋ ಸಿಲಿಂಡರ್ ಉರಿಯದೆ ತಪ್ಪುತ್ತದೆ), ಏರು ಸಿಕ್ಕರೆ ಎಳೆಯುವುದಿಲ್ಲ. 1998ರಲ್ಲಿ ಸ್ಯಾಂಟ್ರೊ ಮತ್ತು ಮಟೀಜ್ ಬಂದು, 2000ದ ಹೊತ್ತಿಗೆ ಮಾರುತಿ 800 ಕೂಡ ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಆದ ಮೇಲೆ ನಮ್ಮಲ್ಲಿ ಕಾರ್ಬ್ಯುರೇಟರಿನ ಕಾಲ ಬೇಗನೆ ಮುಗಿಯಿತು. ಆ ತಲೆಮಾರಿನ ಕಾರುಗಳಲ್ಲಿ ಅನೇಕವು ಇಂದಿಗೂ ಊರೂರುಗಳಲ್ಲಿ ದಿನನಿತ್ಯದ ದುಡಿಮೆಯಲ್ಲಿವೆ. ಅವುಗಳಲ್ಲಿ ಕಂಪ್ಯೂಟರ್ ಇದೆ, ಆದರೆ ಇಂದಿನ ಕಾರುಗಳ ಕಂಪ್ಯೂಟರಿನಷ್ಟು ವಿವರವಾಗಿ ಅದು ತನ್ನ ತೊಂದರೆಯನ್ನು ಹೇಳಿಕೊಳ್ಳುವುದಿಲ್ಲ. ಹೀಗಾಗಿ ಒಂದೊಂದೇ ಭಾಗವನ್ನು ಅಂದಾಜಿನ ಮೇಲೆ ಬದಲಿಸುತ್ತ ಹೋಗುವ ಅಭ್ಯಾಸ ಬೆಳೆದಿದೆ. ಈ ಕೆಳಗಿನ ಉತ್ತರಗಳಲ್ಲಿ ನಾನು ಒತ್ತಿ ಹೇಳುತ್ತಿರುವುದು, ಭಾಗವನ್ನು ಬದಲಿಸುವ ಮೊದಲು ಅಳತೆ ಮಾಡಬೇಕೆಂಬುದನ್ನು. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ನನ್ನದು 2004ರ ಮೂರು ಸಿಲಿಂಡರಿನ ಸಣ್ಣ ಕಾರು, ಒಂದು ಲಕ್ಷ ಕಿ.ಮೀ. ದಾಟಿದೆ. ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್, ಸೀಟು ಎಲ್ಲವೂ ನಡುಗುತ್ತವೆ. ಆಕ್ಸಿಲರೇಟರ್ ಒತ್ತಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಪ್ಲಗ್‌ಗಳನ್ನು ಬದಲಿಸಿದ್ದಾಯಿತು, ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದಾಯಿತು, ಥ್ರಾಟಲ್ ಬಾಡಿ ತೊಳೆಸಿದ್ದಾಯಿತು. ಈಗ ಗ್ಯಾರೇಜಿನವರು ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೋಗಿದೆ, ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ? (ಶಿವಮೊಗ್ಗ)

ಉತ್ತರ: ಸದ್ಯಕ್ಕೆ ಖಂಡಿತ ಬೇಡ. ಇಸಿಎಂ ಕೆಡುವುದೇ ಇಲ್ಲವೆಂದಲ್ಲ. ಆದರೆ ಅದಕ್ಕೆ ಬರುವ ವಿದ್ಯುತ್ತು, ಅದರ ಅರ್ಥ್, ಸೆನ್ಸರುಗಳಿಗೆ ಅದು ಕೊಡಬೇಕಾದ 5 ವೋಲ್ಟ್ ಇವಿಷ್ಟೂ ಸರಿಯಿವೆ ಎಂದು ಮೀಟರಿನಲ್ಲಿ ನೋಡಿದ ಮೇಲೆ, ಉಳಿದ ಕಾರಣಗಳೆಲ್ಲ ಒಂದೊಂದಾಗಿ ಬಿದ್ದುಹೋದ ಮೇಲೆ ಮಾತ್ರ ಆ ಮಾತಿಗೆ ಬರಬೇಕು. ನಿಮ್ಮ ಪತ್ರದಲ್ಲಿ ಅಂಥ ಯಾವ ಪರೀಕ್ಷೆಯ ಸುದ್ದಿಯೂ ಇಲ್ಲ.

ಮೊದಲು ತೀರ್ಮಾನವಾಗಬೇಕಾದ ಸಂಗತಿ ಇಷ್ಟೇ: ತೊಂದರೆ ಒಂದು ಸಿಲಿಂಡರಿನದೋ, ಎಲ್ಲ ಸಿಲಿಂಡರುಗಳದ್ದೋ? ಒಂದು ಸಿಲಿಂಡರ್ ಮಾತ್ರ ಕೆಲಸ ಮಾಡದಿದ್ದರೆ ನಡುಕಕ್ಕೆ ಒಂದು ನಿಯಮಿತ ಲಯ ಇರುತ್ತದೆ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದರೆ ಬಿಟ್ಟುಬಿಟ್ಟು ಬಡಿಯುವ ಗಾಳಿ ಸಮಸಮನಾದ ಅಂತರದಲ್ಲಿ ತಪ್ಪುತ್ತದೆ. ಎಲ್ಲ ಸಿಲಿಂಡರುಗಳಿಗೂ ಸಂಬಂಧಿಸಿದ ತೊಂದರೆಯಾಗಿದ್ದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರುತ್ತ ಇಳಿಯುತ್ತ ತೂಗಾಡುತ್ತದೆ, ಅಥವಾ ತಪ್ಪುವುದಕ್ಕೆ ಲಯವೇ ಇರುವುದಿಲ್ಲ. ಮೂರು ಸಿಲಿಂಡರಿನ ಎಂಜಿನ್‌ನಲ್ಲಿ ಒಂದು ಕೈಕೊಟ್ಟರೆ ಮೂರನೇ ಒಂದು ಪಾಲು ಶಕ್ತಿ ಹೋದಂತೆ. ನೀವು ವರ್ಣಿಸಿರುವ ನಡುಕ ಅದನ್ನೇ ಸೂಚಿಸುತ್ತದೆ.

ಯಾವ ಸಿಲಿಂಡರ್ ಎಂದು ತಿಳಿಯಲು ಎಂಜಿನ್ ಬಿಸಿಯಾದ ಮೇಲೆ ಎ.ಸಿ. ಮತ್ತು ದೀಪಗಳನ್ನು ಆರಿಸಿ, ಇಂಜೆಕ್ಟರಿನ ಕನೆಕ್ಟರುಗಳನ್ನು ಒಂದಾದ ಮೇಲೊಂದರಂತೆ ಕಳಚಿ, ಮತ್ತೆ ಹಾಕಿ ನೋಡಬೇಕು. ಕಳಚಿದ ಕೂಡಲೇ ಎಂಜಿನ್ ಕುಸಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಅಪರಾಧಿ ಅದೇ. ಐಡ್ಲಿಂಗ್ ವಾಲ್ವ್ ಕ್ಷಣಾರ್ಧದಲ್ಲಿ ಗಾಳಿ ಹೆಚ್ಚಿಸಿ ಕುಸಿತವನ್ನು ಮುಚ್ಚಿಹಾಕುವುದರಿಂದ ಕಳಚಿದ ಆ ಒಂದು ಕ್ಷಣವನ್ನೇ ಗಮನಿಸಬೇಕು. ಕಾರ್ಬ್ಯುರೇಟರ್ ಕಾಲದಂತೆ ಪ್ಲಗ್ ವೈರನ್ನು ಎಳೆದು ನೋಡುವ ಪದ್ಧತಿ ಈ ಗಾಡಿಗಳಿಗೆ ಸಲ್ಲದು. ಕಿಡಿ ಇಲ್ಲದಿದ್ದರೂ ಇಂಜೆಕ್ಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ; ಆ ಉರಿಯದ ಪೆಟ್ರೋಲ್, ಸೈಲೆನ್ಸರಿನ ದಾರಿಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನೇ ಕರಗಿಸಿಬಿಡಬಹುದು. ಕೈಗೆ ಶಾಕ್ ಹೊಡೆಯುವುದು, ಕಾಯಿಲ್ ಸುಡುವುದು ಬೇರೆ.

ಸಿಲಿಂಡರ್ ಗೊತ್ತಾದ ಮೇಲೆ ಅದರ ಪ್ಲಗ್ ಮತ್ತು ವೈರನ್ನು ಪಕ್ಕದ ಸಿಲಿಂಡರಿಗೆ ಅದಲುಬದಲು ಮಾಡಿ. ತೊಂದರೆಯೂ ಜೊತೆಯಲ್ಲಿ ಸರಿದರೆ ಕಾರಣ ಕೈಗೆ ಸಿಕ್ಕಿತು. ಹೊಸ ಪ್ಲಗ್ ಎಂಬ ಕಾರಣಕ್ಕೆ ಅದನ್ನು ನಂಬಬೇಡಿ. ಹಾಕುವಾಗ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಸಾಕು. ನಂತರ ಇಂಜೆಕ್ಟರ್. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಅದರ ಮೇಲಿಟ್ಟು ಹಿಡಿಗೆ ಕಿವಿಗೊಟ್ಟರೆ ಟಿಕ್ ಟಿಕ್ ಸದ್ದು ಮೂರರಲ್ಲೂ ಒಂದೇ ತರಹ ಕೇಳಬೇಕು. ಈ ಬಗೆಯ ಇಂಜೆಕ್ಟರುಗಳ ಸುರುಳಿಯ ರೆಸಿಸ್ಟೆನ್ಸ್ ಸಾಮಾನ್ಯವಾಗಿ 12ರಿಂದ 16 ಓಮ್ ಇರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಮೂರೂ ಹತ್ತಿರ ಹತ್ತಿರ ಇರುವುದು. ಸದ್ದೇ ಇಲ್ಲದಿದ್ದರೆ ಇಂಜೆಕ್ಟರನ್ನು ದೂರುವ ಮೊದಲು ಅದರ ಕನೆಕ್ಟರಿಗೆ ಎಲ್‌ಇಡಿ ಟೆಸ್ಟ್ ಲ್ಯಾಂಪ್ ಹಾಕಿ ಅದು ಮಿನುಗುವುದೇ ಎಂದು ನೋಡಬೇಕು.

ಕಿಡಿಯೂ ಪೆಟ್ರೋಲೂ ಸರಿಯಿದ್ದರೆ ಉಳಿಯುವುದು ಕಂಪ್ರೆಶನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗೆ ಏಳುವ ಒತ್ತಡ) ಮತ್ತು ಗಾಳಿ. ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತದೆ ಎಂದು ನೀವು ಬರೆದಿರುವುದು ಇಲ್ಲಿ ಬಹಳ ಉಪಯುಕ್ತವಾದ ಮಾತು, ಏಕೆಂದರೆ ಈ ಲಕ್ಷಣ ಎರಡಕ್ಕೂ ಹೊಂದುತ್ತದೆ. ವಾಲ್ವ್ ಸರಿಯಾಗಿ ಮುಚ್ಚದೆ ಸೋರುತ್ತಿದ್ದರೆ ನಿಧಾನಗತಿಯಲ್ಲಿ ಸೋರಲು ಹೆಚ್ಚು ಸಮಯ ಸಿಗುತ್ತದೆ, ವೇಗ ಹೆಚ್ಚಿದಂತೆ ಸಮಯ ಸಿಗುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಗ್ಯಾಸ್ಕೆಟ್ ಬಳಿ ಗಾಳಿ ನುಗ್ಗುತ್ತಿದ್ದರೆ ಐಡ್ಲಿಂಗ್‌ನಲ್ಲಿ ಆ ಕಳ್ಳಗಾಳಿಯ ಪಾಲು ದೊಡ್ಡದು, ಥ್ರಾಟಲ್ ತೆರೆದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಎರಡನ್ನೂ ಬೇರ್ಪಡಿಸಿ ಹೇಳುವುದು ಕಂಪ್ರೆಶನ್ ಗೇಜ್. ಎಂಜಿನ್ ಬಿಸಿಯಿರುವಾಗ ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಪೆಟ್ರೋಲ್ ಮತ್ತು ಕಿಡಿಯ ಸಂಪರ್ಕವನ್ನು ತಪ್ಪಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು. ಆ ಕಾಲದ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಚದರ ಸೆಂಟಿಮೀಟರಿಗೆ 12ರಿಂದ 14 ಕೆ.ಜಿ. ಬಂದರೆ ಚಿಂತೆಯಿಲ್ಲ, ಒಂದು ಸಿಲಿಂಡರ್ ಉಳಿದವುಗಳಿಗೆ ಹೋಲಿಸಿದರೆ 1 ಕೆ.ಜಿ.ಗಿಂತ ಹೆಚ್ಚಿನ ಕೊರತೆ ತೋರಿಸಿದರೆ ಅನುಮಾನ ಪಡಬೇಕು. ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಹೆಡ್ ಗ್ಯಾಸ್ಕೆಟ್ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ವಾಲ್ವ್ ಎಂದು ಬಂದ ತಕ್ಷಣ ಹೆಡ್ ಇಳಿಸಲು ಒಪ್ಪಬೇಡಿ. ಮೊದಲು ಟ್ಯಾಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡಿಸಿ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದೆ ಇರುವುದು ಹಳೆಯ ಎಂಜಿನ್‌ಗಳಲ್ಲಿ ಸಾಮಾನ್ಯ, ಬೇಗ ಹಿಡಿದರೆ ಖರ್ಚೂ ಅಲ್ಪ.

ಕಂಪ್ರೆಶನ್ ಸರಿಯಿದ್ದರೆ ಗಾಳಿಯನ್ನು ಹುಡುಕಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ, ಅನೇಕರು ಅದನ್ನು ಗಮನಿಸುವುದಿಲ್ಲ. ಒಳಗೆ ಬರುವ ಗಾಳಿಯನ್ನು ಏರ್‌ಫ್ಲೋ ಮೀಟರಿನಿಂದ ಅಳೆಯುವ ಕಾರುಗಳಲ್ಲಿ ಕಳ್ಳಗಾಳಿ ಲೆಕ್ಕಕ್ಕೆ ಸಿಗದೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಆದರೆ ನಮ್ಮ ಆ ಕಾಲದ ಸಣ್ಣ ಕಾರುಗಳಲ್ಲಿ ಬಹುಪಾಲು ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರಿನಿಂದ ಅಳೆದು ಪೆಟ್ರೋಲನ್ನು ಲೆಕ್ಕಹಾಕುವಂಥವು. ಇವುಗಳಲ್ಲಿ ಎಲ್ಲ ಸಿಲಿಂಡರಿಗೂ ಹಂಚಿಹೋಗುವ ಸೋರಿಕೆಯಾದರೆ ಒತ್ತಡ ಏರಿದ್ದನ್ನು ಕಂಡ ಇಸಿಎಂ ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಡುತ್ತದೆ, ಆದ್ದರಿಂದ ಎಂಜಿನ್ ಮಿಸ್ ಹೊಡೆಯುವ ಬದಲು ಐಡ್ಲಿಂಗ್ ಹೆಚ್ಚಾಗುತ್ತದೆ ಅಥವಾ ತೂಗಾಡುತ್ತದೆ. ಸೋರಿಕೆ ಒಂದೇ ಸಿಲಿಂಡರಿನ ದಾರಿಯ ಬಾಯಲ್ಲಿದ್ದಾಗ ಮಾತ್ರ ಆ ಒಂದು ಸಿಲಿಂಡರ್ ತೆಳು ಮಿಶ್ರಣದಿಂದ ಸೊರಗುತ್ತದೆ. ಹೀಗಾಗಿ ನಿಮ್ಮ ಗಾಡಿಯಲ್ಲಿ ಬ್ರೇಕ್ ಬೂಸ್ಟರಿನ ದೊಡ್ಡ ಪೈಪಿಗಿಂತ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರಿನ ಕೆಳಗಿನ ರಬ್ಬರ್ ರಿಂಗು, ಆ ಸಿಲಿಂಡರಿನ ಪಕ್ಕದಲ್ಲೇ ಕೂಡುವ ಸಣ್ಣ ವ್ಯಾಕ್ಯೂಮ್ ಪೈಪು ಇವುಗಳ ಮೇಲೆ ನನಗೆ ಹೆಚ್ಚಿನ ಸಂಶಯ. ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವುದು ಗ್ಯಾರೇಜುಗಳಲ್ಲಿ ಸಾಮಾನ್ಯ, ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಸೋಪಿನ ನೀರನ್ನು ಜೋಡಣೆಗಳಿಗೆ ಹಚ್ಚಿದರೆ ನೀರು ಒಳಗೆ ಸೆಳೆದುಕೊಳ್ಳುವ ಜಾಗದಲ್ಲಿ ಎಂಜಿನ್ನಿನ ಸದ್ದು ಬದಲಾಗುತ್ತದೆ. ಹೊಗೆ ತುಂಬಿಸಿ ನೋಡುವ ಸ್ಮೋಕ್ ಮೆಷೀನ್ ನಿಮ್ಮ ಊರಿನಲ್ಲಿ ಸಿಕ್ಕರೆ ಅದಕ್ಕಿಂತ ಖಚಿತವಾದ ದಾರಿ ಇಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಕಾರಿಗೆ ಯಾವ ತೊಂದರೆಯೂ ಇರುವುದಿಲ್ಲ. ಮಳೆಗಾಲ ಹಿಡಿದರೆ ಬೆಳಿಗ್ಗೆ ಮಿಸ್ ಹೊಡೆಯುತ್ತದೆ, ಹದಿನೈದು ಇಪ್ಪತ್ತು ನಿಮಿಷ ಓಡಿದ ಮೇಲೆ ತಾನಾಗಿಯೇ ಸರಿಯಾಗುತ್ತದೆ. (ಕುಂದಾಪುರ)

ಉತ್ತರ: ತೇವಕ್ಕೆ ಬಂದು ಒಣಗಿದಾಗ ಹೋಗುವ ತೊಂದರೆ ಬಹುಪಾಲು ಕಿಡಿಯ ದಾರಿಯದು. ಪ್ಲಗ್‌ಗೆ ಕಿಡಿ ಒಯ್ಯುವ ಹೈಟೆನ್ಶನ್ ವೈರಿನ ರಬ್ಬರು ಹಳತಾಗಿ ಸೀಳು ಬಿಟ್ಟರೆ, ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಲ್ಲಿ ಅದರ ಕ್ಯಾಪಿನೊಳಗೆ ಬಿರುಕು ಬಿಟ್ಟರೆ, ಕಿಡಿ ಪ್ಲಗ್‌ವರೆಗೆ ಹೋಗದೆ ತೇವದ ಹಾದಿ ಹಿಡಿದು ಎಂಜಿನ್ ಮೈಗೆ ಹಾರಿಬಿಡುತ್ತದೆ. ರಾತ್ರಿ ದೀಪವಿಲ್ಲದ ಜಾಗದಲ್ಲಿ ಬಾನೆಟ್ ತೆರೆದು, ಎಂಜಿನ್ ಚಾಲೂ ಇಟ್ಟು, ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಯಿಸಿದರೆ ಕಿಡಿ ಹಾರುವ ಜಾಗ ನೀಲಿಯಾಗಿ ಕಣ್ಣಿಗೇ ಕಾಣುತ್ತದೆ. ಕೈಯನ್ನು ಮಾತ್ರ ದೂರ ಇಟ್ಟುಕೊಳ್ಳಿ. ವೈರು ಬದಲಿಸುವುದಾದರೆ ಪೂರ್ತಿ ಸೆಟ್ಟನ್ನೇ ಬದಲಿಸಿ. ಒಂದು ಸೀಳಿದೆಯೆಂದರೆ ಅದರ ಜೊತೆಯವೂ ಅಷ್ಟೇ ವಯಸ್ಸಿನವು.

ಕರಾವಳಿಯವರು ಇನ್ನೊಂದನ್ನು ನೋಡಲೇಬೇಕು. ಉಪ್ಪುಗಾಳಿಗೆ ಅರ್ಥ್ ವೈರಿನ ತುದಿಗಳು ಹಸಿರುಗಟ್ಟುತ್ತವೆ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಅರ್ಥ್ ಪಟ್ಟಿಗಳನ್ನು ಬಿಚ್ಚಿ ಉಜ್ಜಿ ಬಿಗಿ ಮಾಡಿಸಿ. ಎಂಜಿನ್ ಓಡುವಾಗ, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎಂಜಿನ್ ಮೈಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿದರೆ 0.1 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲಕ್ಕೆ ಬೆಚ್ಚನೆಯ ಎಂಜಿನ್ ಹುಡುಕಿ ಬರುವ ಇಲಿಗಳು ವೈರಿನ ಹೊದಿಕೆಯನ್ನು ಕಡಿದಿರುವುದೂ ಉಂಟು. ಇಂಜೆಕ್ಟರಿನ ಹಿಂಬದಿಯ ಕಟ್ಟನ್ನು ಟಾರ್ಚ್ ಹಿಡಿದು ನೋಡಿ.

ಪ್ರಶ್ನೆ: ಚೆಕ್ ಎಂಜಿನ್ ಲೈಟ್ ಬಂತೆಂದು ಸ್ಕ್ಯಾನರ್ ಹಾಕಿಸಿದೆ. ಪಿ0171 ಎಂಬ ಕೋಡ್ ಬಂದು ಮಿಶ್ರಣ ತೆಳು ಎಂದು ತೋರಿಸಿತು. ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿದರೂ ಅದೇ ಕೋಡ್ ಮತ್ತೆ ಬಂದಿದೆ. ಗಾಡಿ ಏರಿನಲ್ಲಿ ಎಳೆಯುವುದಿಲ್ಲ. (ಕಲಬುರಗಿ)

ಉತ್ತರ: ಆ ಕೋಡ್ ಸೆನ್ಸರ್ ಕೆಟ್ಟಿದೆ ಎಂದು ಹೇಳಲಿಲ್ಲ, ಸೆನ್ಸರ್ ಏನನ್ನು ಕಂಡಿತೋ ಅದನ್ನು ಹೇಳಿತು. ಸುದ್ದಿ ತಂದವರನ್ನೇ ಬದಲಿಸಿದಂತಾಯಿತು.

ಆಕ್ಸಿಜನ್ ಸೆನ್ಸರ್ ಅಳೆಯುವುದು ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಬಿಸಿಯಾದ ಎಂಜಿನ್ನಿನಲ್ಲಿ ಅದರ ವೋಲ್ಟೇಜು 0.1ರಿಂದ 0.9ರ ನಡುವೆ ಬಿಡದೆ ಏರಿಳಿಯುತ್ತಿರಬೇಕು. ಕಿಡಿ ತಪ್ಪಿ ಒಂದು ಸಿಲಿಂಡರ್ ಉರಿಯದೆ ಹೋದರೆ ಅದರೊಳಗಿನ ಗಾಳಿ ಪೂರ್ತಿಯಾಗಿ ಹೊರಬರುತ್ತದೆ. ಆಗ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ಸೆನ್ಸರ್ ತೆಳು ಎಂದೇ ವರದಿ ಮಾಡುತ್ತದೆ. ಅದನ್ನು ನಂಬಿದ ಇಸಿಎಂ ಎಲ್ಲ ಸಿಲಿಂಡರಿಗೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ, ಮೈಲೇಜು ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ಸೆನ್ಸರಿಗಿಂತ ಮೊದಲು ಎಕ್ಸಾಸ್ಟ್ ಪೈಪಿನಲ್ಲಿ ತೂತು ಬಿದ್ದಿದ್ದರೂ ಇದೇ ಕತೆ.

ನಿಮ್ಮ ಗಾಡಿ ಏರಿನಲ್ಲಿ ಎಳೆಯುವುದಿಲ್ಲ ಎಂಬುದು ನನ್ನನ್ನು ಪೆಟ್ರೋಲಿನ ಒತ್ತಡದ ಕಡೆಗೆ ಕರೆದೊಯ್ಯುತ್ತದೆ. ಸ್ಕ್ಯಾನರಿನಲ್ಲಿ ಕೋಡ್ ನೋಡಿ ಮುಚ್ಚಿಡದೆ ಫ್ಯುಯಲ್ ಟ್ರಿಮ್ ಎಂಬ ಅಂಕಿಯನ್ನು ಓದಿಸಿ. ಇಸಿಎಂ ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಯಿತು ಎಂಬುದನ್ನು ಅದು ಹೇಳುತ್ತದೆ. ಶೇ. 10ರ ಒಳಗಿನ ಏರಿಳಿತ ಸಹಜ. ಅಂಕಿ ಐಡ್ಲಿಂಗ್‌ನಲ್ಲಿ ಜಾಸ್ತಿಯಿದ್ದು ಎಂಜಿನ್ ವೇಗ ನಿಮಿಷಕ್ಕೆ 2,500 ಸುತ್ತಿಗೆ ಏರಿದಾಗ ಇಳಿದರೆ ಗಾಳಿ ಸೋರಿಕೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಭಾರ ಬಿದ್ದಂತೆ ಏರುತ್ತ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ಎರಡನೆಯದಾದರೆ ಫ್ಯುಯಲ್ ಫಿಲ್ಟರ್, ಟ್ಯಾಂಕಿನೊಳಗಿನ ಪಂಪಿನ ಜಾಲರಿ, ಪಂಪಿಗೆ ಹೋಗುವ ವೋಲ್ಟೇಜು, ಕೊನೆಗೆ ಪಂಪು ಈ ಕ್ರಮದಲ್ಲಿ ನೋಡಬೇಕು. ರಿಟರ್ನ್ ಪೈಪ್ ಇರುವ ಹಳೆಯ ಎಂಪಿಎಫ್‌ಐಗಳಲ್ಲಿ ಒತ್ತಡ ಸಾಮಾನ್ಯವಾಗಿ 2.5ರಿಂದ 3 ಬಾರ್ ಇರುತ್ತದೆ. ಐಡ್ಲಿಂಗ್‌ನಲ್ಲಿ ಪೆಟ್ರೋಲಿನ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಎಳೆದರೆ ಸುಮಾರು ಅರ್ಧ ಬಾರ್ ಏರಬೇಕು. ಎಳೆದ ಪೈಪಿನಲ್ಲಿ ಪೆಟ್ರೋಲಿನ ತೇವವೋ ವಾಸನೆಯೋ ಇದ್ದರೆ ರೆಗ್ಯುಲೇಟರಿನ ಪೊರೆ ಹರಿದಿದೆ ಎಂದರ್ಥ. ಅಂಥ ಗಾಡಿ ತೆಳು ಮಿಶ್ರಣದಿಂದಲ್ಲ, ದಪ್ಪ ಮಿಶ್ರಣದಿಂದ ಮಿಸ್ ಹೊಡೆಯುತ್ತದೆ. ಪೆಟ್ರೋಲ್ ಪೈಪು ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು; ಇದನ್ನು ಬಿಡುವವರು ಅನೇಕರಿದ್ದಾರೆ, ಅದು ಅಪಾಯ.

ಇದೇ ಪ್ರಶ್ನೆಗೆ ಸೇರಿದಂತೆ ಗದಗಿನಿಂದ ಬಂದ ಇನ್ನೊಂದು ಪತ್ರಕ್ಕೂ ಇಲ್ಲೇ ಉತ್ತರಿಸುತ್ತೇನೆ. 2003ರ ಕಾರಿಗೆ ಮೊಬೈಲಿಗೆ ಕೂಡುವ ಅಗ್ಗದ ಓಬಿಡಿ ಅಡಾಪ್ಟರ್ (ಇಸಿಎಂ ಗುರುತಿಸಿದ ದೋಷಗಳನ್ನು ಓದುವ ಸಾಧನ) ಏಕೆ ಹೊಂದುವುದಿಲ್ಲ ಎಂದು ಅವರು ಕೇಳಿದ್ದಾರೆ. ನಮ್ಮ ದೇಶದಲ್ಲಿ ಓಬಿಡಿ ನಿಯಮ ಬಿಎಸ್-4 ಹೊಗೆ ಮಾನದಂಡದ ಜೊತೆಗೆ 2010ರಿಂದ ಬಂತು, ಅದರ ಎರಡನೇ ಹಂತ 2013ರಿಂದ. ಅದಕ್ಕೂ ಹಿಂದಿನ ಕಾರಿನಲ್ಲಿ ಅದೇ ಆಕಾರದ 16 ಪಿನ್ನಿನ ಸಾಕೆಟ್ ಇದ್ದರೂ ಒಳಗಿನ ಭಾಷೆ ಆಯಾ ಕಂಪನಿಯದೇ ಆಗಿರಬಹುದು. ಆ ಕಂಪನಿಯ ಸ್ಕ್ಯಾನರೋ ಹಳೆಯ ಮಾದರಿಗಳನ್ನು ಬಲ್ಲ ಗ್ಯಾರೇಜಿನ ಸ್ಕ್ಯಾನರೋ ಬೇಕಾಗುತ್ತದೆ.

ಪ್ರಶ್ನೆ: ಮ್ಯಾನಿಫೋಲ್ಡಿನ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ ನೋಡಿದ ಮೆಕ್ಯಾನಿಕ್, ಐಡ್ಲಿಂಗ್‌ನಲ್ಲಿ 18 ಇಂಚಿನ (ಪಾದರಸದ ಅಳತೆ) ಮೇಲಿರಬೇಕು, ನಿಮ್ಮದು 16 ಮಾತ್ರ ಇದೆ, ಎಂಜಿನ್ ಸವೆದಿದೆ ಎಂದಿದ್ದಾರೆ. ಗಾಡಿ ಚೆನ್ನಾಗಿಯೇ ಓಡುತ್ತಿದೆ. (ಮೈಸೂರು)

ಉತ್ತರ: ಪುಸ್ತಕದ 18 ಇಂಚು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಮೈಸೂರು ಸುಮಾರು 2,500 ಅಡಿ ಎತ್ತರದಲ್ಲಿದೆ, ಬೆಂಗಳೂರು ಸುಮಾರು 3,000 ಅಡಿ. ಮಂಗಳೂರಿನಲ್ಲಿ 18 ಅಥವಾ 19 ತೋರಿಸುವ ಆರೋಗ್ಯವಂತ ಎಂಜಿನ್ನೇ ನಿಮ್ಮಲ್ಲಿ 16 ತೋರಿಸುತ್ತದೆ. ಅಂಕಿಗಿಂತ ಮುಳ್ಳಿನ ನಡೆಯನ್ನು ನೋಡಬೇಕು: ಸ್ಥಿರವಾಗಿ ನಿಂತಿದ್ದರೆ ಸರಿ, ನಿಯಮಿತವಾಗಿ ಕೆಳಗೆ ಜಗ್ಗುತ್ತಿದ್ದರೆ ಒಂದು ವಾಲ್ವ್ ಸೋರುತ್ತಿದೆ, ನಡುಗದೆ ಬಹಳ ಕೆಳಗೆ ಕೂತಿದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿರುವ ಸಾಧ್ಯತೆ ಅಥವಾ ಗಾಳಿ ಸೋರಿಕೆ. ಎಂಜಿನ್ ವೇಗ ಹೆಚ್ಚಿಸಿ ಹಿಡಿದಾಗ ಮುಳ್ಳು ನಿಧಾನವಾಗಿ ಇಳಿಯುತ್ತ ಹೋದರೆ ಸೈಲೆನ್ಸರ್ ಅಥವಾ ಕನ್ವರ್ಟರ್ ಕಟ್ಟಿಕೊಂಡಿದೆ. ನಿಮ್ಮ ಎಂಜಿನ್ ಚೆನ್ನಾಗಿ ಓಡುತ್ತಿರುವುದರಿಂದ ಅದನ್ನು ಬಿಚ್ಚಿಸಬೇಡಿ.

ಪ್ರಶ್ನೆ: ನನ್ನ 2006ರ ಕಾರಿಗೆ ಹಿಂದಿನ ಮಾಲೀಕರು ಎಲ್‌ಪಿಜಿ ಕಿಟ್ ಹಾಕಿಸಿದ್ದಾರೆ. ಗ್ಯಾಸಿನಲ್ಲಿ ಪರವಾಗಿಲ್ಲ, ಪೆಟ್ರೋಲಿಗೆ ತಿರುಗಿಸಿದರೆ ಗಾಡಿ ಕುಂಟುತ್ತದೆ. (ಬೆಂಗಳೂರು)

ಉತ್ತರ: ಎರಡು ಇಂಧನ ಇರುವುದು ಪರೀಕ್ಷೆಗೆ ಒದಗಿದ ಅನುಕೂಲ. ಪ್ಲಗ್, ವೈರು, ಕಾಯಿಲ್, ಕಂಪ್ರೆಶನ್ ಎರಡಕ್ಕೂ ಸಮಾನ. ಗ್ಯಾಸಿಗೆ ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕಾಗುವುದರಿಂದ ಗ್ಯಾಸಿನಲ್ಲಿ ಸರಿಯಾಗಿ ಓಡುವ ಎಂಜಿನ್ನಿನ ಕಿಡಿಯ ಬಗ್ಗೆ ಸಂಶಯ ಪಡಬೇಕಿಲ್ಲ. ಉಳಿದದ್ದು ಪೆಟ್ರೋಲಿನ ದಾರಿ ಮಾತ್ರ. ವರ್ಷಗಟ್ಟಲೆ ಗ್ಯಾಸಿನಲ್ಲೇ ಓಡಿಸಿದ ಗಾಡಿಯ ಇಂಜೆಕ್ಟರ್ ತುದಿಯಲ್ಲಿ ಹಳೆಯ ಪೆಟ್ರೋಲ್ ಒಣಗಿ ಅಂಟು ಕಟ್ಟುತ್ತದೆ, ಟ್ಯಾಂಕಿನಲ್ಲಿ ಅಷ್ಟಿಷ್ಟು ಉಳಿದ ಪೆಟ್ರೋಲ್ ಕೆಡುತ್ತದೆ, ಪೆಟ್ರೋಲಿನಿಂದಲೇ ತಣ್ಣಗಾಗಬೇಕಾದ ಪಂಪು ಬರಿ ಟ್ಯಾಂಕಿನಲ್ಲಿ ತಿರುಗಿ ಸವೆಯುತ್ತದೆ.

ಇವೆಲ್ಲಕ್ಕಿಂತ ಮೊದಲು ಇಂಜೆಕ್ಟರ್ ವೈರುಗಳನ್ನು ನೋಡಿ. ಗ್ಯಾಸಿಗೆ ತಿರುಗಿಸಿದಾಗ ಇಂಜೆಕ್ಟರ್ ನಿಲ್ಲಿಸಲು ಕಿಟ್ ಕೂಡಿಸುವವರು ಆ ವೈರುಗಳನ್ನು ಕತ್ತರಿಸಿ ನಡುವೆ ಎಮ್ಯುಲೇಟರ್ ಪೆಟ್ಟಿಗೆ ಜೋಡಿಸಿರುತ್ತಾರೆ. ಬೆಸುಗೆ ಇಲ್ಲದೆ ಬರಿದೇ ತಿರುಚಿ ಟೇಪು ಸುತ್ತಿದ ಜೋಡಣೆಗಳು ಕೆಲವು ವರ್ಷಗಳಲ್ಲಿ ಕಪ್ಪಾಗುತ್ತವೆ. ಎಮ್ಯುಲೇಟರನ್ನು ತಪ್ಪಿಸಿ ಇಂಜೆಕ್ಟರುಗಳನ್ನು ನೇರ ಮೂಲ ವೈರಿಗೆ ಕೂಡಿಸಿದಾಗ ಪೆಟ್ರೋಲಿನಲ್ಲಿ ಸರಿಯಾಗಿ ಓಡಿದರೆ ದೋಷ ಅಲ್ಲೇ ಇದೆ. ಗ್ಯಾಸಿನ ಬಿಸಿಗೆ ವಾಲ್ವ್ ಸೀಟುಗಳು ಬೇಗ ಸವೆದು ಟ್ಯಾಪೆಟ್ ಅಂತರ ಕಿರಿದಾಗುವುದರಿಂದ, ತೊಂದರೆ ಇರಲಿ ಇಲ್ಲದಿರಲಿ, ಕಿಟ್ ಇರುವ ಗಾಡಿಯ ಟ್ಯಾಪೆಟ್‌ಗಳನ್ನು ಕಾಲಕಾಲಕ್ಕೆ ಪರೀಕ್ಷಿಸಲೇಬೇಕು.

ಪ್ರಶ್ನೆ: ಹೆದ್ದಾರಿಯಲ್ಲಿ ಒಂದು ಗಂಟೆ ಓಡಿದ ಮೇಲೆ ಎಂಜಿನ್ ಎರಡು ಮೂರು ಜರ್ಕ್ ಕೊಟ್ಟು ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದಾಗ ಸರಿಯಾಗಿಯೇ ಇರುತ್ತದೆ. (ದಾವಣಗೆರೆ)

ಉತ್ತರ: ಇದು ಕುಟುಂಬದವರನ್ನು ಕೂರಿಸಿಕೊಂಡು ಹೋಗುವಾಗ ಆಗಬಾರದ ತೊಂದರೆ, ಬಗೆಹರಿಯುವವರೆಗೆ ಹೆದ್ದಾರಿ ಪ್ರಯಾಣವನ್ನು ದಯವಿಟ್ಟು ನಿಲ್ಲಿಸಿ. ಬಿಸಿಗೆ ಸತ್ತು ತಣ್ಣಗಾದಾಗ ಜೀವ ಬರುವ ಭಾಗಗಳು ಮುಖ್ಯವಾಗಿ ನಾಲ್ಕು: ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್, ಇಗ್ನಿಶನ್ ಕಾಯಿಲ್, ಪೆಟ್ರೋಲ್ ಪಂಪು, ಮೇನ್ ರಿಲೇ. ಕ್ರ್ಯಾಂಕ್ ಸೆನ್ಸರಿನೊಳಗಿನ ಸುರುಳಿ ಬಿಸಿಗೆ ಹಿಗ್ಗಿ ಒಳಗೇ ಸಂಪರ್ಕ ಬಿಟ್ಟುಕೊಂಡರೆ ಇಸಿಎಂಗೆ ಎಂಜಿನ್ ತಿರುಗುತ್ತಿದೆಯೆಂದೇ ತಿಳಿಯದು. ಕಿಡಿಯೂ ಪೆಟ್ರೋಲೂ ಒಟ್ಟಿಗೆ ನಿಲ್ಲುತ್ತವೆ.

ಸಾಕ್ಷ್ಯ ಸಿಗುವುದು ಗಾಡಿ ನಿಂತ ಜಾಗದಲ್ಲಿ ಮಾತ್ರ. ಸುರಕ್ಷಿತವಾಗಿ ಬದಿಗೆ ನಿಲ್ಲಿಸಿದ ಮೇಲೆ ಕೀ ಆನ್ ಮಾಡಿ ಹಿಂದಿನ ಸೀಟಿನ ಕೆಳಗೆ ಎರಡು ಮೂರು ಸೆಕೆಂಡು ಪಂಪಿನ ಗುಂಯ್ ಸದ್ದು ಬರುವುದೇ ಕೇಳಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುವುದೇ ನೋಡಿ. ಎಷ್ಟೋ ಗಾಡಿಗಳಲ್ಲಿ ಅದು ಸತ್ತಂತೆ ಕೆಳಗೇ ಬಿದ್ದಿದ್ದರೆ ಕ್ರ್ಯಾಂಕ್ ಸೆನ್ಸರಿನ ಸಂಕೇತ ಬರುತ್ತಿಲ್ಲ ಎಂದು ತಿಳಿಯಬಹುದು. ಪಂಪಿನ ಸದ್ದಿದ್ದು ಮುಳ್ಳೂ ಎದ್ದು ಎಂಜಿನ್ ಹಿಡಿಯದಿದ್ದರೆ ಕಾಯಿಲ್. ಈ ಮೂರು ಮಾತುಗಳನ್ನು ಬರೆದುಕೊಂಡು ಹೋದರೆ ಗ್ಯಾರೇಜಿನವರ ಕೆಲಸ ಅರ್ಧ ಮುಗಿದಂತೆ. ಗ್ಯಾರೇಜಿನಲ್ಲೇ ತೊಂದರೆಯನ್ನು ಬರಿಸಬೇಕೆಂದರೆ ಅನುಮಾನದ ಸೆನ್ಸರಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು ನೋಡಬಹುದು.

ಪ್ರಶ್ನೆ: ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ನನ್ನ 2002ರ ಕಾರು ಬೆಳಿಗ್ಗೆ ತಣ್ಣಗಿರುವಾಗ ಒರಟಾಗಿ ಓಡುತ್ತದೆ, ಮೈಲೇಜೂ ಕಡಿಮೆಯಾಗಿದೆ. ಇದು ಪೆಟ್ರೋಲಿನ ತಪ್ಪೋ, ಗಾಡಿಯದೋ? (ಹುಬ್ಬಳ್ಳಿ)

ಉತ್ತರ: ಎರಡರ ಪಾಲೂ ಇದೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 10 ಎಥೆನಾಲ್ ಸೇರಿತ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಬಿಡುಗಡೆಯಾಗಿ ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಅದೇ ಸಿಗುತ್ತಿದೆ. ಎಥೆನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು: ಬರಿಯ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ, ಎಥೆನಾಲಿಗೆ ಸುಮಾರು 9. ಆದ್ದರಿಂದ ಅದೇ ಗಾಳಿಗೆ ಇ20 ಸುಮಾರು ಶೇ. 7ರಿಂದ 8ರಷ್ಟು ಹೆಚ್ಚು ಬೇಕು. ಆಕ್ಸಿಜನ್ ಸೆನ್ಸರ್ ಇರುವ ಕಾರು ಬಿಸಿಯಾದ ಮೇಲೆ ಈ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಆದರೆ ಸೆನ್ಸರ್ ಕಾಯ್ದು ಕೆಲಸ ಆರಂಭಿಸುವವರೆಗೆ ಇಸಿಎಂ ತನ್ನ ಹಳೆಯ ಲೆಕ್ಕವನ್ನೇ ನಂಬಿರುತ್ತದೆ. ನಿಮಗೆ ಬೆಳಿಗ್ಗೆ ಮಾತ್ರ ಒರಟುತನ ಕಾಣುವುದು ಅದಕ್ಕೇ. ಎಥೆನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆಯಿರುವುದರಿಂದ ಮೈಲೇಜು ಸ್ವಲ್ಪ ಇಳಿಯುವುದು ತಪ್ಪದು.

ಆದರೂ ಆರೋಗ್ಯವಾಗಿರುವ ಗಾಡಿ ಇಷ್ಟಕ್ಕೆ ನಡುಗಬಾರದು. ಮೊದಲೇ ಶೇ. 10ರಷ್ಟು ತೆಳುವಾಗಿದ್ದ ಎಂಜಿನ್ನಿಗೆ ಇನ್ನೂ ಶೇ. 7 ಸೇರಿದಾಗ, ಬಚ್ಚಿಟ್ಟುಕೊಂಡಿದ್ದ ಹಳೆಯ ದೋಷ ಬಯಲಾಗುತ್ತದೆ. ಅಂಥ ದೋಷಗಳಲ್ಲಿ ತಣ್ಣನೆಯ ಹೊತ್ತಿಗೆ ಸಂಬಂಧಿಸಿದ್ದು ಕೂಲಂಟ್ ತಾಪಮಾನದ ಸೆನ್ಸರ್. ಬಹಳಷ್ಟು ಜಪಾನಿ ಮೂಲದ ಕಾರುಗಳಲ್ಲಿ ಅದರ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಸುಮಾರು 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೇ ಅದು ಕೆಲವೇ ನೂರು ಓಮ್ ತೋರಿಸಿದರೆ ಎಂಜಿನ್ ಬಿಸಿಯಾಗಿದೆ ಎಂದು ಇಸಿಎಂಗೆ ಸುಳ್ಳು ಹೇಳಿದಂತಾಗಿ, ಚಳಿಗೆ ಬೇಕಾದ ಹೆಚ್ಚುವರಿ ಪೆಟ್ರೋಲ್ ಸಿಗುವುದಿಲ್ಲ. ಈ ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು, ಆದ್ದರಿಂದ ಮೊದಲು ಇದನ್ನು ಮಾಡಿಸಿ. ಜೊತೆಗೆ ಟ್ಯಾಂಕಿನಿಂದ ಎಂಜಿನ್ನಿನವರೆಗಿನ ರಬ್ಬರ್ ಪೈಪುಗಳನ್ನು ನೋಡಿಸಿ. 2002ರ ಕಾರಿನ ಪೈಪುಗಳನ್ನು ಇಷ್ಟು ಎಥೆನಾಲಿಗೆಂದು ತಯಾರಿಸಿರಲಿಲ್ಲ, ಬಿರುಕು ಅಥವಾ ಮೆತ್ತಗಾಗಿರುವುದು ಕಂಡರೆ ಬೆಂಕಿಯ ಭಯವಿರುವುದರಿಂದ ಅಂದೇ ಬದಲಿಸಬೇಕು. ಎಥೆನಾಲ್ ನೀರನ್ನು ಹೀರುವುದರಿಂದ ಗಾಡಿಯನ್ನು ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿಡಬೇಡಿ. ಹೊಸ ಪೆಟ್ರೋಲ್ ಹಳೆಯ ಟ್ಯಾಂಕಿನ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದಿರಬಹುದು, ಅದನ್ನೂ ಒಮ್ಮೆ ಬದಲಿಸಿ.

ಪ್ರಶ್ನೆ: ಪೆಟ್ರೋಲಿಗೆ ಬೆರೆಸುವ ಇಂಜೆಕ್ಟರ್ ಕ್ಲೀನರ್ ಬಾಟಲಿಯಿಂದ ಮಿಸ್ಸಿಂಗ್ ಹೋಗುತ್ತದೆಯೇ? (ತುಮಕೂರು)

ಉತ್ತರ: ಇಂಜೆಕ್ಟರಿನ ತುದಿಯಲ್ಲಿ ತೆಳುವಾದ ಅಂಟು ಕಟ್ಟಿದ್ದರೆ ಸ್ವಲ್ಪ ಉಪಯೋಗವಾಗಬಹುದು. ಕಿಡಿ, ಗಾಳಿ, ಕಂಪ್ರೆಶನ್‌ಗಳ ದೋಷಕ್ಕೆ ಅದರಿಂದ ಏನೂ ಆಗದು. ಇಂಜೆಕ್ಟರೇ ಕಾರಣವೆಂದು ಅದಲುಬದಲು ಮಾಡಿ ಖಚಿತವಾದ ಮೇಲೆ ಅವನ್ನು ಬಿಚ್ಚಿ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಿ, ತೊಳೆಯುವ ಮೊದಲೂ ನಂತರವೂ ಪ್ರತಿಯೊಂದೂ ಗಾಜಿನ ಕೊಳವೆಗೆ ಎಷ್ಟು ಸುರಿಯುತ್ತದೆ ಎಂಬುದನ್ನು ನಿಮ್ಮ ಕಣ್ಣೆದುರೇ ಅಳೆಸಿ, ಮರಳಿ ಕೂರಿಸುವಾಗ ಹೊಸ ರಬ್ಬರ್ ರಿಂಗುಗಳನ್ನು ಹಾಕಿಸಿ.